ಅವರೆ ಚಪ್ಪರದ ಕೆಳಗೊಂದು ಸೈಲೆನ್ಸರ್

ನಮ್ಮ ಹಿತ್ತಲಿನಲ್ಲಿ ಒಂದು ಚಪ್ಪರದವರೆ ಬಳ್ಳಿ ಇದೆ. ಚಪ್ಪರದ ಬಿದಿರು ಗಳಗಳ ಪೈಕಿ ಒಂದರ ಬುಡ ಮಾತ್ರ ಫಳಫಳ ಹೊಳೆಯುತ್ತದೆ. ಬಂದ ನೆಂಟರು ಕಾಯಿ ಕೀಳಲು ಬಗ್ಗಿದಾಗ ಅದು ಕಣ್ಣಿಗೆ ಬಿದ್ದು, "ಇದೇನು, ಗಳಕ್ಕೆ ಸ್ಟೀಲಿನ ಚೊಂಬು ಹಾಕಿದ್ದೀರಲ್ಲ?" ಎಂದು ಕೇಳುವುದುಂಟು. ಅದು ಚೊಂಬಲ್ಲ, ಮೋಟರ್ ಸೈಕಲ್ಲಿನ ಸೈಲೆನ್ಸರ್. ಅರ್ಧ ನೆಲದೊಳಗೆ ಹೂತಿದೆ, ಅದರ ಬಾಯಿಗೆ ಗಳ ತೂರಿಸಿದೆ. ಹೀಗೆ ಮಾಡಿದರೆ ಬಿದಿರಿಗೆ ಗೆದ್ದಲು ಹತ್ತುವುದಿಲ್ಲ ಎಂಬುದು ನನ್ನ ಹೆಂಡತಿ ಸುಜಾತಳ ಶೋಧ. ನೆಂಟರು ಅವಳ ಜಾಣತನವನ್ನು ಹೊಗಳುತ್ತಾರೆ. ಅಷ್ಟು ಚೆಂದದ ಸೈಲೆನ್ಸರ್ ಬೈಕು ಬಿಟ್ಟು ಅವರೆ ಬುಡಕ್ಕೆ ಯಾಕೆ ಬಂತು ಎಂದು ಯಾರಾದರೂ ಕೇಳಿದರೆ, ನಾನು ಕಾಫಿ ಆಯಿತೇನೋ ನೋಡಿಕೊಂಡು ಬರಲು ಎದ್ದು ಹೋಗುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ, ಹೇಳಿಬಿಡುತ್ತೇನೆ.

ಸದ್ದಿನ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇದೆ. ಬಾಡಿಗೆ ಸೈಕಲ್ ತಂದ ದಿನ ಅದರ ಹಿಂದಿನ ಚಕ್ರಕ್ಕೆ ಒಂದು ರಟ್ಟಿನ ತುಂಡು ಸಿಕ್ಕಿಸುತ್ತಿದ್ದೆವು. ಕಡ್ಡಿಗಳಿಗೆ ತಾಗಿ ಅದು ಟರ್ರ್ ಎಂದು ಶುರುವಾದರೆ ಸಾಕು, ನಾವು ಸೈಕಲ್ಲಿನ ಮೇಲಿಲ್ಲ, ಚಿಕ್ಕಪ್ಪನ ಮೋಟರ್ ಬೈಕಿನ ಮೇಲೇ ಇದ್ದೇವೆ ಎಂದು ನಂಬುತ್ತಿದ್ದೆವು. ಆ ಚಿಕ್ಕಪ್ಪನ ಬೈಕು ನನ್ನ ಮೈಮೇಲೂ ಗುರುತು ಬಿಟ್ಟಿದೆ. ಅವನು ಬಂದು ನಿಲ್ಲಿಸಿದ ಕೂಡಲೇ ಹತ್ತಿ ಕೂರುವ ಆತುರದಲ್ಲಿ ಮೀನಖಂಡವನ್ನು ಕಾದ ಸೈಲೆನ್ಸರಿಗೆ ಒತ್ತಿಬಿಟ್ಟಿದ್ದೆ. ಅವ್ವ ಬೊಬ್ಬೆಗೆ ಬೆಣ್ಣೆ ಹಚ್ಚುತ್ತ ಇನ್ನೊಂದು ಕೈಯಲ್ಲಿ ಬೆನ್ನಿಗೆ ಬಾರಿಸಿದ್ದಳು. ಕಲೆ ಈಗಲೂ ಇದೆ. ನನ್ನ ಓರಗೆಯ ಗಂಡಸರು ಪಂಚೆ ಎತ್ತಿ ಕಟ್ಟಿದಾಗ ಗಮನಿಸಿ, ಹೆಚ್ಚಿನವರ ಕಾಲಿನಲ್ಲಿ ಇಂಥದ್ದೊಂದು ಸಿಗುತ್ತದೆ.

ಸಾತನೂರು ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮನೆ ಅಲ್ಲಿಂದ ಒಳಗಿನ ಹಳ್ಳಿಯಲ್ಲಿ. ನನ್ನ ಬೈಕು ನನ್ನ ಮದುವೆಯಷ್ಟೇ ಹಳೆಯದು. ಎರಡೂ ಸದ್ದಿಲ್ಲದೆ ನಡೆದುಕೊಂಡು ಬಂದಿದ್ದವು. ಒಂದು ಸಲ ಮನೆಯಲ್ಲಿ ಬೆಳೆದ ರೇಷ್ಮೆ ಗೂಡಿನ ಮೂಟೆ ಹಾಕಲು ರಾಮನಗರದ ಮಾರುಕಟ್ಟೆಗೆ ಹೋಗಿದ್ದಾಗ, ಹರಾಜು ಶುರುವಾಗುವ ತನಕ ಮಾಡಲು ಕೆಲಸವಿಲ್ಲದೆ ಮೈಸೂರು ರಸ್ತೆಯ ಬಿಡಿಭಾಗದ ಅಂಗಡಿಗಳ ಮುಂದೆ ಅಡ್ಡಾಡಿದೆ. ಮಾಡಲು ಕೆಲಸವಿಲ್ಲದ ಗಂಡಸು ಅಂಗಡಿಗಳ ಮುಂದೆ ಅಡ್ಡಾಡಬಾರದು. ಅಲ್ಲಿ ಈ ಸೈಲೆನ್ಸರ್ ತೂಗುಹಾಕಿದ್ದರು. ಗಿಡ್ಡಕ್ಕೆ, ದಪ್ಪಕ್ಕೆ, ಕನ್ನಡಿಯಂತೆ ಮುಖ ಕಾಣುವ ಹಾಗೆ ಇತ್ತು. ಅಂಗಡಿಯವನು ಅದನ್ನು ಬೆರಳಿನಿಂದ ತಟ್ಟಿ, "ಇದ್ನ ಹಾಕಿ ಸಾರ್, ಗಾಡಿ ಕುದುರೆ ಆಯ್ತದೆ" ಎಂದ. ಜೊತೆಗೆ, ಬೋಂಡಾ ಆಕಾರದ ಒಂದು ಏರ್ ಫಿಲ್ಟರನ್ನೂ ಕೈಗಿಟ್ಟ. ಇಂಜಿನ್ನು ಚೆನ್ನಾಗಿ ಉಸಿರಾಡುತ್ತದಂತೆ. ಹಳೆಯ ಸೈಲೆನ್ಸರ್ ತುಕ್ಕು ತಿಂದು ತೂತಾಗಿದೆ ಎಂಬ ಒಂದು ನೆಪ ನನ್ನ ಹತ್ತಿರ ಇತ್ತು. ಸದ್ದಡಗಿಸಲೆಂದು ಇರುವ ವಸ್ತುವನ್ನು ಸದ್ದು ಮಾಡಲೆಂದು ಕೊಂಡು, ಖಾಲಿ ಗೂಡಿನ ಚೀಲದಲ್ಲಿ ಸುತ್ತಿ ಮನೆಗೆ ತಂದೆ.

ಸಾತನೂರಿನ ಮೆಕ್ಯಾನಿಕ್ ಮಹದೇವ ನನ್ನ ಶಾಲೆಯ ಸ್ನೇಹಿತ. ಅವನು ಎರಡನ್ನೂ ಹಾಕಿಕೊಟ್ಟ. ಸ್ಟಾರ್ಟ್ ಮಾಡಿದಾಗ ಬಂದ ಗುಡುಗುಡು ಕೇಳಿ ನನಗೆ ರಟ್ಟಿನ ತುಂಡಿನ ಕಾಲದ ಸಂತೋಷವೇ ಆಯಿತು. ಆದರೆ ನಾಲ್ಕು ದಿನ ಕಳೆಯುವುದರೊಳಗೆ ಬೈಕು ಕೆಮ್ಮಲು ಕಲಿಯಿತು. ವೇಗವಾಗಿ ಹೋಗುತ್ತಾ ಆಕ್ಸಿಲರೇಟರ್ ಬಿಟ್ಟರೆ ಹಿಂದಿನಿಂದ ಪಟ್ ಪಟ್ ಎನ್ನುತ್ತಿತ್ತು. ಇಳಿಜಾರಿನಲ್ಲಂತೂ ಢಂ ಎಂದು ಸಿಡಿಯುತ್ತಿತ್ತು. ಕನಕಪುರದ ಒಂದು ಛತ್ರಕ್ಕೆ ಮದುವೆ ಫೋಟೋ ತೆಗೆಯಲು ಹೋದಾಗ ಬಾಗಿಲಲ್ಲೇ ಸಿಡಿದು, ವಾದ್ಯದವರು ಗಂಡಿನ ಕಡೆಯವರು ಪಟಾಕಿ ಹೊಡೆದರೆಂದುಕೊಂಡು ಜೋರಾಗಿ ಊದಿಬಿಟ್ಟರು. ಒಳಗಿನಿಂದ ಆರತಿ ತಟ್ಟೆ ಹಿಡಿದು ಓಡಿಬಂದ ಹೆಂಗಸರಿಗೆ ಕಂಡದ್ದು ಕ್ಯಾಮೆರಾ ಚೀಲ ನೇತುಹಾಕಿಕೊಂಡ ನಾನು. ಅವರು ಆರತಿ ಎತ್ತಲಿಲ್ಲ ಎನ್ನುವುದಷ್ಟೇ ನನ್ನ ಪುಣ್ಯ.

ಮಹದೇವ ಪ್ಲಗ್ ಬದಲಿಸಿದ. ಕಾರ್ಬುರೇಟರಿನ ಸ್ಕ್ರೂ ತಿರುಗಿಸಿದ. ಅದರೊಳಗಿನ ಜೆಟ್ ಬದಲಿಸಿದ. ಪ್ರತಿ ಸಲವೂ "ಇನ್ಮ್ಯಾಕೆ ಕೆಮ್ಮಿದ್ರೆ ನನ್ನ ಕೇಳು" ಎನ್ನುತ್ತಿದ್ದ. ಪ್ರತಿ ಸಲವೂ ನಾನು ಹೋಗಿ ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ನನಗೆ ಆ ಸಿಡಿತ ಅಷ್ಟೇನೂ ಬೇಸರವಾಗಿರಲಿಲ್ಲ. ಊರಿನವರು ತಿರುಗಿ ನೋಡುತ್ತಿದ್ದರಲ್ಲ!

ಇನ್ನು ನಮ್ಮ ಮನೆಯ ಹುಳುವಿನ ವಿಷಯಕ್ಕೆ ಬರಬೇಕು. ನಮ್ಮ ಅಂಗಳದ ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಒಂದು ಮನೆ ಇದೆ. ನಾವು ಚಿಕ್ಕವರಿದ್ದಾಗ ಅದೂ ಇರಲಿಲ್ಲ. ಹುಳುಗಳು ದೊಡ್ಡವಾದಂತೆ ನಡುಮನೆ, ಕೋಣೆ ಎಲ್ಲ ಅವುಗಳದ್ದಾಗಿ, ನಾವು ಮಕ್ಕಳು ಜಗಲಿಗೆ ಬೀಳುತ್ತಿದ್ದೆವು. ಬೀಡಿ ಸೇದುವ ನೆಂಟರಿಗೆ ಬೇಲಿಯ ಆಚೆಗೇ ಸತ್ಕಾರ. ಹುಳು ಜ್ವರಕ್ಕೆ ಕೂತರಂತೂ, ಅಂದರೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಪೊರೆ ಕಳಚಲು ಅಲುಗಾಡದೆ ಕೂತರೆ, ಮನೆಯಲ್ಲಿ ಒಗ್ಗರಣೆ ಸದ್ದೂ ಕೇಳಬಾರದು. ಅವತ್ತು ಬರೀ ಬೇಯಿಸಿದ ಸಪ್ಪೆ ಸಾರು. ಮಾತೆಲ್ಲ ಪಿಸುಮಾತಿನಲ್ಲಿ. ಬಾಣಂತಿ ಮಲಗಿದ ಮನೆಯ ಹಾಗೆ ಎಂದು ಅವ್ವ ಹೇಳುತ್ತಿದ್ದಳು. ಶಾಲೆಯಲ್ಲಿ ನಮ್ಮೂರಿನ ಮಕ್ಕಳು ಮೆಲ್ಲಗೆ ಪಾಠ ಒಪ್ಪಿಸುತ್ತಿದ್ದೆವೆಂದು ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಹುಳುವಿಗೆ ಕಿವಿ ಇದೆಯೋ ಇಲ್ಲವೋ ನನಗೆ ತಿಳಿಯದು. ಅವ್ವನಿಗೆ ಆ ಅನುಮಾನ ಯಾವತ್ತೂ ಬಂದಿಲ್ಲ.

ಹುಳುಮನೆ ಅವ್ವನ ರಾಜ್ಯ. ಒಳಗೆ ಹೋಗುವವರು ಕಾಲು ತೊಳೆದು ಹೊಸ್ತಿಲ ಆಚೆ ನಿಂತು "ಬರ್ಲಾ?" ಎಂದು ಕೇಳಬೇಕು. ಅವ್ವ ಹೂಂ ಎಂದರೆ ಒಳಗೆ. ಮದುವೆಯಾಗಿ ಬಂದಾಗಿನಿಂದ ಸುಜಾತಳೂ ಹಾಗೆಯೇ ಕೇಳಿಕೊಂಡು ಬಂದಿದ್ದಾಳೆ. ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇದ್ದರೂ ಹೊಸ್ತಿಲಲ್ಲಿ ನಿಂತು ಕೇಳಲೇಬೇಕು. ಸೊಪ್ಪು ಕೊಯ್ಯುವುದು, ಹೆಚ್ಚುವುದು, ಕಸ ತೆಗೆಯುವುದು ಅವಳ ಪಾಲು. ಹುಳುವಿನ ಬಣ್ಣ ನೋಡಿ ಏನು ಮಾಡಬೇಕೆಂದು ಹೇಳುವುದು ಅವ್ವನ ಪಾಲು. "ಅವಳ್ದು ಒಸಿ ಆತುರದ ಕೈ" ಎಂದು ಅವ್ವ ನನ್ನ ಹತ್ತಿರ ಹೇಳುತ್ತಿದ್ದಳು. ಅದು ಸುಜಾತಳಿಗೂ ಗೊತ್ತಿತ್ತು.

ಹೀಗಿರುವಾಗ ಮಾಗಡಿಯಲ್ಲಿರುವ ನನ್ನ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಅಕ್ಕನಿಗೆ ಮಂಡಿನೋವು, ಒಬ್ಬಳ ಕೈಯಲ್ಲಿ ಬಾಣಂತನ ಆಗುವುದಿಲ್ಲ. ಅವ್ವ ಹೊರಡಲೇಬೇಕಾಯಿತು. ಇತ್ತ ಮರಿಹುಳು ಮನೆಗೆ ಬಂದಾಗಿದೆ. ಬಸ್ಸು ಹತ್ತುವ ಮೊದಲು ಅವ್ವ ಸೊಸೆಯ ಕೈ ಹಿಡಿದು ಹೇಳಿದಳು.

"ನೋಡ್ಕೊ ಕಣವ್ವ. ಈ ಬೆಳೆ ನಿನ್ ಕೈಯಾಗೈತೆ. ಚೆಂದಾಗಿ ಬಂದ್ರೆ ಇನ್ಮ್ಯಾಕೆ ನೀನೇ ಹುಳಿನ ಮನೆ ಯಜಮಾನಿ. ಹೆಚ್ಚುಕಮ್ಮಿ ಆದ್ರೆ ಮುಂದ್ಲ ಬೆಳೆಗೆ ನಾನೇ ಬತ್ತೀನಿ, ನೀನು ಸೊಪ್ಪು ತಂದಾಕ್ಕೊಂಡಿದ್ರೆ ಸಾಕು."

ಬಸ್ಸು ಹೋದ ಮೇಲೆ ಸುಜಾತ ಮನೆಗೆ ಬಂದವಳೇ ಹುಳುಮನೆಯ ಬಾಗಿಲಿಗೆ ಹೋಗಿ, ಕಾಲು ತೊಳೆದು, ಅಭ್ಯಾಸಬಲದಿಂದ "ಬರ್ಲಾ?" ಎಂದಳು. ಒಳಗೆ ಯಾರೂ ಇರಲಿಲ್ಲ. ನಾನು ನಕ್ಕೆ. ಅವಳು ನಗಲಿಲ್ಲ.

ಒಂದು, ಎರಡು, ಮೂರು ಜ್ವರ ಸಲೀಸಾಗಿ ದಾಟಿದವು. ದಿನವೂ ಸಂಜೆ ಅವ್ವನ ಫೋನು ಬರುತ್ತಿತ್ತು. ಕೂಸು ಹೆಂಗೈತೆ ಎಂದು ಇವಳು, ಹುಳ ಹೆಂಗವೆ ಎಂದು ಅವಳು. ಸುಜಾತ ಸೊರಗಿದ್ದಳು, ಆದರೆ ಅವಳ ನಡಿಗೆಯಲ್ಲಿ ಒಂದು ಬಿಗುವು ಬಂದಿತ್ತು. ನಾಲ್ಕನೇ ಜ್ವರ ಎಲ್ಲಕ್ಕಿಂತ ದೊಡ್ಡದು. ಅದನ್ನು ದಾಟಿದರೆ ಹುಳು ಒಂದು ವಾರ ಸೊಪ್ಪು ಮುಕ್ಕಿ ಗೂಡು ಕಟ್ಟುತ್ತದೆ. ಅಲ್ಲಿ ಎಡವಿದರೆ ಅಷ್ಟು ದಿನದ ಕಷ್ಟವೆಲ್ಲ ತಿಪ್ಪೆಗೆ. ಅವತ್ತು ಬೆಳಿಗ್ಗೆ ಸ್ಟುಡಿಯೋಗೆ ಹೊರಟಾಗ ಅವಳು, "ನಾಕ್ನೇ ಜ್ವರಕ್ಕೆ ಕೂತವೆ, ಸಂಜೆ ಬರುವಾಗ ನೆಪ್ಪಿರ್ಲಿ" ಎಂದಿದ್ದಳು. ನಾನು ಹೂಂ ಎಂದಿದ್ದೆ. ನನ್ನ ಹೂಂಗೆ ನಮ್ಮ ಮನೆಯಲ್ಲಿ ಅಷ್ಟಾಗಿ ಬೆಲೆ ಇಲ್ಲದಿರುವುದಕ್ಕೆ ಕಾರಣಗಳಿವೆ.

ನಮ್ಮೂರಿನ ಬಾಗಿಲಲ್ಲಿ ಒಂದು ಹುಣಸೆಮರ. ಅಲ್ಲಿಂದ ನಮ್ಮ ಮನೆಯ ತನಕ ಇಳಿಜಾರು. ಸಂಜೆ ಗುಡುಗುಡು ಎಂದು ಬಂದವನು ಹುಣಸೆಮರದ ಹತ್ತಿರ ಆಕ್ಸಿಲರೇಟರ್ ಬಿಟ್ಟೆ. ಪಟ್ ಎಂದಿತು. ಇನ್ನೊಂದು ಪಟ್. ಮನೆಯ ಮುಂದೆ, ಸರಿಯಾಗಿ ಹುಳುಮನೆಯ ಕಿಟಕಿಯ ಎದುರಿಗೆ ಬಂದಾಗ, ಅದುವರೆಗೆ ಕೂಡಿಟ್ಟುಕೊಂಡಿದ್ದನ್ನೆಲ್ಲ ಸೇರಿಸಿ ಢಮಾರ್ ಎಂದಿತು. ಪಕ್ಕದ ಮನೆಯ ಕೋಳಿಗಳು ಹೆಂಚಿನ ಮೇಲೆ ಹೋಗಿ ಕೂತವು. ಜಗಲಿಯ ಮೇಲೆ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ಸುಜಾತ ಎದ್ದು ನಿಂತಳು. ಫೋನಿಗೆ ಏನೋ ಎರಡು ಮಾತು ಹೇಳಿ ಇಟ್ಟು, ನನ್ನ ಕಡೆ ಬಂದಳು.

ಆಮೇಲೆ ನಡೆದ ಜಗಳವನ್ನು ನೀವು ಕೇಳಿಸಿಕೊಳ್ಳಲು ಆಗುತ್ತಿರಲಿಲ್ಲ. ಏಕೆಂದರೆ ಇಡೀ ಜಗಳ ಪಿಸುಮಾತಿನಲ್ಲಿ ನಡೆಯಿತು.

"ಏನ್ ಮಾಡ್ಬುಟ್ರಿ ನೀವು?" ಎಂದಳು. ಮುಖ ಕೆಂಪಗಾಗಿತ್ತು, ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು.

"ನಾನೆಲ್ಲಿ ಮಾಡ್ದೆ? ಅದೇ ಹೊಡ್ಕೊತು," ಎಂದು ನಾನೂ ಪಿಸುಗುಟ್ಟಿದೆ.

"ಬೆಳಿಗ್ಗೆ ಬಡ್ಕೊಂಡ್ನಲ್ಲ, ಜ್ವರಕ್ಕೆ ಕೂತವೆ ಅಂತ."

"ಹುಳಕ್ಕೆ ಕಿವಿ ಇರಾಕಿಲ್ಲ ಕಣೇ."

"ನಿಮ್ಗೆ ಐತಲ್ಲ? ನಿಮ್ಗೆ ಕೇಳಿಸ್ಲಿಲ್ವಾ ನಾನು ಹೇಳಿದ್ದು?"

ಅಷ್ಟರಲ್ಲಿ ಪಕ್ಕದ ಮನೆಯ ಚಿಕ್ಕತಾಯಮ್ಮ ಕೋಳಿ ಹುಡುಕುತ್ತಾ ಗೋಡೆಯ ಮೇಲಿನಿಂದ ಇಣುಕಿದಳು. ಗಂಡ ಹೆಂಡತಿ ಅಂಗಳದಲ್ಲಿ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಗುಸುಗುಟ್ಟುವುದನ್ನು ಕಂಡು, "ಈ ವಯಸ್ನಾಗೂ ಏನ್ರವ್ವ ಇದು" ಎಂದು ನಾಚಿ ತಲೆ ಒಳಗೆಳೆದುಕೊಂಡಳು.

ಸುಜಾತಳಿಗೆ ನಗು ಬರಲಿಲ್ಲ. ಜಗಲಿಯ ಮೇಲೆ ಕುಸಿದು ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅತ್ತೆಗೂ ಕೇಳಿಸ್ತು. ಏನವ್ವಾ ಅದು ಅಂದ್ರು. ಯಾರೋ ಪಟಾಕಿ ಹೊಡುದ್ರು ಅಂದೆ. ಇನ್ನು ಈ ಹುಳ ಕೆಟ್ರೆ ನಾನು ಅವ್ರಿಗೆ ಯಾವ ಮುಖ ತೋರಿಸ್ಲಿ?" ಎಂದಳು. ಅವಳು ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ, ಅಲ್ಲಿಗೆ ಸಮಸಮ ಆಗುತ್ತಿತ್ತು. ಪಿಸುಮಾತಿನಲ್ಲಿ ಅಳುವವಳ ಮುಂದೆ ನನ್ನ ಜಂಬವೆಲ್ಲ ಇಳಿದುಹೋಯಿತು. ಆ ಹೊಳೆಯುವ ಸೈಲೆನ್ಸರನ್ನು ನೋಡಲು ನನಗೆ ಮನಸ್ಸಾಗಲಿಲ್ಲ.

ಮರುದಿನ ಬೈಕನ್ನು ಹುಣಸೆಮರದ ತನಕ ತಳ್ಳಿಕೊಂಡು ಹೋಗಿ, ಅಲ್ಲಿ ಸ್ಟಾರ್ಟ್ ಮಾಡಿ, ನೇರ ಮಹದೇವನ ಹತ್ತಿರ ಹೋದೆ. ಏರಿನಲ್ಲಿ ತಳ್ಳುವಾಗ ಎದುರು ಸಿಕ್ಕವರೆಲ್ಲ ಪೆಟ್ರೋಲ್ ಮುಗೀತಾ ಎಂದು ಕೇಳಿದರು. ಎಲ್ಲರಿಗೂ ಹೌದು ಎಂದೆ.

"ಲೇ, ನೀನು ಹಾಕ್ಕೊಟ್ಟಿದ್ದು ನನ್ ಮನೆ ಮುರೀತೈತೆ ಕಣ್ಲಾ," ಎಂದೆ.

"ಸೌಂಡ್ ಬೇಕು ಅಂದೋನು ನೀನೇ ಅಲ್ವೇನ್ಲಾ?"

"ಸೌಂಡ್ ಅಂದೆ. ಗುಂಡು ಹೊಡಿ ಅಂದ್ನಾ?"

ಮಹದೇವ ಬಗ್ಗಿ ನೋಡುತ್ತಾ ನೋಡುತ್ತಾ ಇಂಜಿನ್ನಿಗೆ ಪೈಪು ಸೇರುವ ಜಾಗದಲ್ಲಿ ಬೆರಳಾಡಿಸಿದ. ಬೆರಳಿಗೆ ಕಪ್ಪು ಮಸಿ ಹತ್ತಿತು. ಆ ಬೆರಳನ್ನು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಂಡ.

"ಏನ್ಲಾ?" ಎಂದೆ.

"ಏನಿಲ್ಲ. ಹೊಸ ಸೈಲೆನ್ಸರ್‌ಗೆ ಹಳೇ ಗ್ಯಾಸ್ಕೆಟ್ಟೇ ಹಾಕ್ಬುಟ್ಟಿವ್ನಿ. ಚಪ್ಪಟೆ ಆಗೋಗೈತೆ. ಸಂದಿನಾಗೆ ಗಾಳಿ ಎಳ್ಕೊಂಡು, ಉರೀದೆ ಉಳ್ದಿರೋ ಪೆಟ್ರೋಲು ಒಳಗೆ ಹತ್ಕೊತಾ ಐತೆ."

"ಇದ್ನ ಮೊದ್ಲೇ ನೋಡಕ್ಕಾಗ್ಲಿಲ್ವಾ?"

"ಪ್ಲಗ್ಗು ಜೆಟ್ಟು ನೋಡ್ತಾ ಇದ್ನಲ್ಲ, ಅದೊಂದೇ ಉಳ್ದಿದ್ದು," ಎಂದ, ಏನೂ ಆಗದವನಂತೆ. ಹೊಸ ಗ್ಯಾಸ್ಕೆಟ್ ಹಾಕಿದ. ಬೋಂಡಾ ಫಿಲ್ಟರ್ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಕುಡಿಯುತ್ತಿತ್ತೆಂದು ಅದನ್ನು ಕಿತ್ತು ಹಳೆಯ ಫಿಲ್ಟರ್ ಡಬ್ಬಿಯನ್ನೇ ಕೂರಿಸಿದ. ಮೊದಲಿದ್ದ ಜೆಟ್ಟನ್ನೂ ವಾಪಸ್ಸು ಹಾಕಿದ. ಸಾತನೂರಿನ ಇಳಿಜಾರಿನಲ್ಲಿ ಎಷ್ಟು ಸಲ ಓಡಿಸಿದರೂ ಸಿಡಿಯಲಿಲ್ಲ. ಗುಡುಗುಡು ಮಾತ್ರ ಉಳಿಯಿತು. ಮಧ್ಯಾಹ್ನವೇ ಸ್ಟುಡಿಯೋ ಬಾಗಿಲು ಹಾಕಿ ಹೊರಟೆ. ಅಷ್ಟಾದರೂ ಹುಣಸೆಮರದಲ್ಲಿ ಬೈಕು ನಿಲ್ಲಿಸಿ ತಳ್ಳಿಕೊಂಡೇ ಮನೆಗೆ ಬಂದೆ.

ಹುಳುಮನೆಯ ಬಾಗಿಲಲ್ಲಿ ಕಾಲು ತೊಳೆದು "ಬರ್ಲಾ?" ಎಂದೆ. ಸುಜಾತ "ಬ್ಯಾಡ, ಅಲ್ಲೇ ಇರಿ" ಎಂದಳು. ಅಲ್ಲೇ ಇದ್ದೆ. ಒಳಗೆ ಅವಳು ಹುಳು ಹರಡಿದ ತಟ್ಟೆಯಿಂದ ತಟ್ಟೆಗೆ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಹೆಚ್ಚಿನವು ಪೊರೆ ಕಳಚಿ ಎದ್ದಿದ್ದವು. ಕಿಟಕಿಯ ಪಕ್ಕದ ಒಂದೆರಡು ತಟ್ಟೆಯವು ಮಾತ್ರ ಇನ್ನೂ ತಲೆ ಎತ್ತಿಕೊಂಡೇ ಕೂತಿದ್ದವು. ಚಿಕ್ಕತಾಯಮ್ಮ ಬಂದು, ಯಾವುದೋ ಕಾಲದಲ್ಲಿ ಬಂಡೆ ಸಿಡಿಸಿದ ಸದ್ದಿಗೆ ಯಾರದೋ ಮನೆಯ ಹುಳು ಸಪ್ಪೆ ರೋಗ ಬಂದು ಸತ್ತದ್ದನ್ನು ವಿವರವಾಗಿ ಹೇಳಿ ಹೋದಳು. ಅವಳ ಕೋಳಿಗಳ ಸೇಡು ಅದು.

ಎದ್ದ ಹುಳುಗಳಿಗೂ ಸುಜಾತ ಸೊಪ್ಪು ಹಾಕಲಿಲ್ಲ. ಎಲ್ಲವೂ ಏಳುವ ತನಕ ಕಾಯಬೇಕು, ಇಲ್ಲದಿದ್ದರೆ ಬೆಳೆ ಏರುಪೇರಾಗುತ್ತದೆ. ಆತುರದ ಕೈ ಎನಿಸಿಕೊಂಡವಳು ಆ ಇಡೀ ಮಧ್ಯಾಹ್ನ ಹೆಚ್ಚಿದ ಸೊಪ್ಪನ್ನು ಪಕ್ಕದಲ್ಲಿಟ್ಟುಕೊಂಡು, ಒದ್ದೆ ಬಟ್ಟೆ ಮುಚ್ಚಿ, ಕಾಯುತ್ತಾ ಕೂತಿದ್ದಳು. ನಾನು ಹೊಸ್ತಿಲ ಆಚೆ ಕೂತಿದ್ದೆ. ದನ ಮನೆಗೆ ಬರುವ ಹೊತ್ತಿಗೆ ಅವಳು ಎದ್ದು ಕಿಟಕಿಯ ಪಕ್ಕದ ತಟ್ಟೆಗಳನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಬಟ್ಟೆ ಸರಿಸಿ, ಬೊಗಸೆ ಬೊಗಸೆ ಸೊಪ್ಪು ಎರಚತೊಡಗಿದಳು. ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಮೆಲ್ಲಗೆ ಸರಸರ ಶುರುವಾಯಿತು. ಸಾವಿರಾರು ಬಾಯಿಗಳು ಸೊಪ್ಪು ತಿನ್ನುವ ಆ ಸದ್ದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅವತ್ತಿನಷ್ಟು ಕಿವಿಗೊಟ್ಟು ಯಾವತ್ತೂ ಕೇಳಿರಲಿಲ್ಲ.

ಸುಜಾತ ಹೊರಗೆ ಬಂದು ನನ್ನ ಪಕ್ಕ ಕೂತಳು. "ತಿಂತಾ ಅವೆ," ಎಂದಳು. ಅಷ್ಟೇ. ಬೈಯಲು ಇಟ್ಟುಕೊಂಡಿದ್ದೆಲ್ಲ ಅವಳಿಗೆ ಮರೆತೇಹೋಗಿತ್ತು. ನಾನೂ ಜ್ಞಾಪಿಸಲು ಹೋಗಲಿಲ್ಲ.

ಮರುದಿನ ಮಹದೇವನ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ನನ್ನ ಹಳೆಯ ಸೈಲೆನ್ಸರಿನ ತೂತಿಗೆ ವೆಲ್ಡಿಂಗ್ ಮಾಡಿಸಿ ಅದನ್ನೇ ಹಾಕಿಸಿಕೊಂಡೆ. ಮಹದೇವ ನನ್ನನ್ನು ಹೇಗೆಲ್ಲ ಆಡಿಕೊಂಡ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹೊಳೆಯುವುದನ್ನು ಮನೆಗೆ ತಂದು ಹಿತ್ತಲಿನಲ್ಲಿ ಒರಗಿಸಿದೆ. ಬೈಕು ಮತ್ತೆ ಸದ್ದಿಲ್ಲದ ಬೈಕಾಯಿತು. ಆದರೂ ಹುಣಸೆಮರ ಬಂದ ಕೂಡಲೇ ಕೈ ತಾನಾಗಿ ಇಂಜಿನ್ ಆರಿಸಲು ಕೀಲಿಗೆ ಹೋಗುತ್ತಿತ್ತು.

ಹುಳು ಹಣ್ಣಾಗುವ ದಿನ ಬಂತು. ಸೊಪ್ಪು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಿಕೆ ತಟ್ಟೆಗೆ ಬಿಡುವ ದಿನ ಎಷ್ಟು ಕೈ ಇದ್ದರೂ ಸಾಲದು. ಅವ್ವ ಬಾಣಂತಿಯನ್ನು ಅಕ್ಕನಿಗೆ ಒಪ್ಪಿಸಿ ಬೆಳಗಿನ ಬಸ್ಸಿಗೇ ಮಾಗಡಿ ಬಿಟ್ಟು, ರಾಮನಗರದಲ್ಲೂ ಕನಕಪುರದಲ್ಲೂ ಬಸ್ಸು ಬದಲಿಸಿ ಸಾತನೂರಿನಲ್ಲಿ ಇಳಿದಳು. ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಮರಿಮಗನ ಮೂಗು ಯಾರ ಹಾಗಿದೆ ಎನ್ನುವುದೇ ಮಾತು. ಹುಳುವಿನ ಸುದ್ದಿ ಎತ್ತಲಿಲ್ಲ. ನನಗೆ ಅದೇ ಭಯವಾಯಿತು.

ಹುಣಸೆಮರದ ಹತ್ತಿರ ಬೈಕು ಆಫ್ ಮಾಡಿದೆ.

"ಯಾಕ್ಲಾ ನಿಲ್ಲಿಸ್ದೆ?"

"ಮನೇಲಿ ಹುಳ ಅವಲ್ಲವ್ವ. ಇಲ್ಲಿಂದ ತಳ್ಕೊಂಡೇ ಹೋಗ್ಬೇಕು. ಅವಳ ಆರ್ಡರ್ರು."

ಅವ್ವ ಇಳಿದು, ಸೀರೆ ಸರಿಮಾಡಿಕೊಂಡು, ಬೈಕಿನ ಸೀಟಿನ ಮೇಲೆ ಒಂದು ಕೈ ಇಟ್ಟು ನನ್ನ ಜೊತೆ ನಡೆದಳು. ಸ್ವಲ್ಪ ದೂರ ಬಂದ ಮೇಲೆ, "ಈಗ ಸದ್ದೇ ಇಲ್ವಲ್ಲಲಾ ಗಾಡಿ. ಅವತ್ತು ಫೋನಾಗೆ ಯಾಕ್ಲಾ ಹಂಗೆ ಹೊಡ್ಕೊತು?" ಎಂದಳು.

ನಾನು ನಿಂತೇಬಿಟ್ಟೆ. "ಗೊತ್ತಾಯ್ತಾ ನಿಂಗೆ?"

"ಹಬ್ಬ ಇಲ್ಲ, ಹರಿದಿನ ಇಲ್ಲ, ನಮ್ಮೂರ್ನಾಗೆ ಯಾವನ್ಲಾ ಪಟಾಕಿ ಹೊಡೀತಾನೆ? ನಿನ್ ಕ್ಯಾಮೇನೇ ಅಂತ ಆಗ್ಲೇ ಅಂದ್ಕೊಂಡೆ."

"ಮತ್ತೆ ಯಾಕೆ ಸುಮ್ಕಿದ್ದೆ?"

"ನಾನು ಕೆದಕಿದ್ರೆ ಅವಳು ಹೆದ್ರುಕೊಳ್ಳೋಳು. ಹೆದ್ರುಕೊಂಡ ಕೈಯಾಗೆ ಹುಳ ನೋಡಕ್ಕಾದದೇನ್ಲಾ?" ಎಂದು ಅವ್ವ ಮುಂದೆ ನಡೆದಳು. ಬಸ್ಸು ಹತ್ತಿಸಿದ ದಿನ ನನಗೆ ಅವ್ವ ಬಿಗಿಯವಳೆಂದು ಕಂಡಿದ್ದಳು. ಅಷ್ಟು ದೂರದಲ್ಲಿ ಕೂತು, ಕೇಳಬೇಕೆನಿಸಿದ್ದನ್ನು ದಿನವೂ ಕೇಳದೆ ಇದ್ದಾಳೆಂದು ನನಗೆ ಹೊಳೆದೇ ಇರಲಿಲ್ಲ. ನನಗೆ ಅವಳ ಮೇಲೆ ತುಂಬ ಪ್ರೀತಿ ಬಂತು.

ಮನೆ ಬಂತು. ಹುಳುಮನೆಯ ಬಾಗಿಲು ತೆರೆದಿತ್ತು. ಒಳಗೆ ಸುಜಾತ ಬಾಗಿಲಿಗೆ ಬೆನ್ನು ಮಾಡಿ ಕೂತು ಹಣ್ಣುಹುಳು ಆರಿಸುತ್ತಿದ್ದಳು. ನಾವು ಬಂದದ್ದು ಅವಳಿಗೆ ತಿಳಿಯಲಿಲ್ಲ, ಬೈಕಿಗೆ ಸದ್ದಿರಲಿಲ್ಲವಲ್ಲ. ಅವ್ವ ಬಾಗಿಲಿನಿಂದಲೇ ತಟ್ಟೆಗಳ ಮೇಲೆ ಕಣ್ಣಾಡಿಸಿದಳು. ತಟ್ಟೆ ತಟ್ಟೆಯಲ್ಲೂ ಹುಳು ಒಂದೇ ಸಮ ಹಣ್ಣಾಗಿದ್ದವು. ಕಿಟಕಿಯ ಪಕ್ಕದವು ಕೂಡ. ಅವ್ವ ಚೀಲವನ್ನು ನನ್ನ ಕೈಗೆ ಕೊಟ್ಟು, ಹಂಡೆಯ ನೀರು ಮೊಗೆದು ಕಾಲು ತೊಳೆದಳು. ಹೊಸ್ತಿಲ ಆಚೆ ನಿಂತಳು.

"ಬರ್ಲೇನವ್ವಾ ಒಳಕ್ಕೆ?" ಎಂದು ಮೆಲ್ಲಗೆ ಕೇಳಿದಳು.

ಸುಜಾತ ತಿರುಗಿದಳು. ಹೊಸ್ತಿಲಲ್ಲಿ ನಿಂತವರು ಯಾರೆಂದು ಕಂಡು, ಅವರು ಕೇಳಿದ್ದೇನೆಂದು ತಿಳಿಯುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಷ್ಟು ದಿನ ಪಿಸುಗುಟ್ಟಿದವಳು, ಇಡೀ ಬೀದಿಗೆ ಕೇಳುವ ಹಾಗೆ, "ಬನ್ನೀ ಅತ್ತೆ!" ಎಂದು ಕೂಗಿಬಿಟ್ಟಳು. ಚಿಕ್ಕತಾಯಮ್ಮನ ಕೋಳಿಗಳು ಮತ್ತೆ ಹೆಂಚು ಹತ್ತಿದವು.

ಅವ್ವ ತುಟಿಯ ಮೇಲೆ ಬೆರಳಿಟ್ಟುಕೊಂಡಳು.

"ಮೆತ್ತಗೆ ಕಣವ್ವಾ," ಎಂದಳು, "ಹುಳ ಅವೆ."